ಅವಳು ಇಳಿಸಿದ ವಿಮಾನ

ವಿಮಾನ ಹಾರಿಸಲು ಕಲಿಸುವ ಶಾಲೆಯಿಂದ ರಜೆಗೆ ಬಂದಾಗಲೆಲ್ಲ ನನ್ನ ಮಗಳು ತನ್ನ ನೋಟ್‌ಬುಕ್ ತಂದು ನನ್ನ ಕೈಗಿಡುತ್ತಿದ್ದಳು. "ಕೇಳಮ್ಮ, ನಾನು ನೋಡದೆ ಹೇಳ್ತೇನೆ," ಎನ್ನುತ್ತಿದ್ದಳು. ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಅಡುಗೆಮನೆಯಲ್ಲಿ ಇಬ್ಬರಿಗೆ ನಿಲ್ಲಲು ಜಾಗ ಸಾಲದು. ಅವಳು ಬಾಗಿಲಿಗೆ ಒರಗಿ ನಿಲ್ಲುತ್ತಿದ್ದಳು. ನಾನು ಓದಿದ್ದು ಉಡುಪಿ ಕಡೆಯ ಕನ್ನಡ ಶಾಲೆಯಲ್ಲಿ, ಹತ್ತನೆಯವರೆಗೆ. ಇಂಗ್ಲಿಷನ್ನು ಅಕ್ಷರ ಕೂಡಿಸಿ ಓದಬೇಕು. ಆದರೂ ಒಂದು ಪುಟವನ್ನು ಎಷ್ಟು ಸಲ ಕೇಳಿದ್ದೆನೆಂದರೆ ಅದು ನನಗೇ ಬಾಯಿಪಾಠವಾಗಿತ್ತು. ಹಾರುತ್ತಿರುವಾಗ ಇಂಜಿನ್ ನಿಂತರೆ ಏನು ಮಾಡಬೇಕು ಎಂಬ ಪುಟ.

"ಮೊದಲು ಮೂಗು ಕೆಳಗೆ. ಸ್ಪೀಡು ಅರವತ್ತೈದರಲ್ಲಿ ಹಿಡೀಬೇಕು."

"ಬೀಳ್ತಾ ಇರುವಾಗ ಇನ್ನೂ ಕೆಳಗೆ ಮಾಡುದೆಂತಕ್ಕೆ? ಎತ್ತಬೇಕಲ್ವಾ?"

"ಎಲ್ಲರಿಗೂ ಹಾಗೇ ಅನಿಸ್ತದಮ್ಮ. ಎತ್ತಿದ್ರೆ ಸ್ಪೀಡು ಖತಂ. ಸ್ಪೀಡು ಹೋದ್ರೆ ರೆಕ್ಕೆಗೆ ಗಾಳಿ ಹಿಡಿಯೂದಿಲ್ಲ, ಕಲ್ಲು ಬಿದ್ದ ಹಾಗೆ ಬೀಳೂದು. ಇಂಜಿನ್ ಇಲ್ಲದಾಗ ನಮ್ಮ ಕೈಯಲ್ಲಿ ಉಳಿಯೂದು ಎತ್ತರ ಒಂದೇ. ಇಳಿಜಾರಲ್ಲಿ ಪೆಡಲ್ ತುಳಿಯದೆ ಸೈಕಲ್ ಬಿಡ್ತಾರಲ್ಲ, ಅದೇ ಲೆಕ್ಕ. ಇಳೀತಾ ಇದ್ರೆ ಮಾತ್ರ ಸ್ಪೀಡು."

ಒಂದು ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಯಾವುದೋ ರೈತರ ಮೊಬೈಲ್. "ಅಮ್ಮ, ನಾನು ಠೀಕ್ ಇದ್ದೇನೆ. ವಿಮಾನ ಹೊಲದಲ್ಲಿದೆ," ಎಂದಳು. ಆ ದಿನ ಅವಳು ಒಬ್ಬಳೇ ಹಾರಿದ್ದಳು.

ಎರಡು ದಿನದ ಮೇಲೆ ಗಲ್ಲಕ್ಕೆ ಎರಡು ಹೊಲಿಗೆ ಹಾಕಿಸಿಕೊಂಡು ಮನೆಗೆ ಬಂದು ಎಲ್ಲ ಹೇಳಿದಳು. ಇಂಜಿನ್ ಎರಡು ಸಲ ಕೆಮ್ಮಿ ನಿಂತಿತಂತೆ. ಮೂಗು ಇಳಿಸಿ, ಅರವತ್ತೈದು ಹಿಡಿದು, ಮತ್ತೆ ಚಾಲೂ ಮಾಡಲು ನೋಡಿದಳಂತೆ, ಆಗಲಿಲ್ಲ. ಹತ್ತಿರ ರಸ್ತೆಯಿತ್ತು, ಆದರೆ ಕರೆಂಟಿನ ತಂತಿ ಕಂಡು ಅದನ್ನು ಬಿಟ್ಟಳು. ಜೋಳ ಕೊಯ್ದ ಹೊಲ ಆರಿಸಿದಳು. ಮೊದಲು ಆ ಹೊಲಕ್ಕೆ ಇಳಿಯಲು ಎತ್ತರ ಹೆಚ್ಚಿತ್ತು, ಅದನ್ನು ಅತ್ತ ಒಮ್ಮೆ ಇತ್ತ ಒಮ್ಮೆ ತಿರುಗಿಸಿ ಕಳೆದಳು. ಕೊನೆಗೆ ಹೊಲದ ಬೇಲಿ ಎದುರಿಗೆ ಬಂದಾಗ ತಲುಪುವುದಿಲ್ಲವೇನೋ ಅನಿಸಿತಂತೆ.

"ಕೈ ಎಳಿ ಎಳಿ ಅಂತಿತ್ತಮ್ಮ. ಅಲ್ಲಿ ಮೂಗು ಎತ್ತಿದ್ರೆ ಬೇಲಿ ಮೇಲೇ ಬೀಳ್ತಿದ್ದೆ. ನಿನ್ನೆದುರು ಹೇಳಿದ್ದನ್ನೇ ಜೋರಾಗಿ ಹೇಳ್ತಾ ಇಳಿಸಿದೆ." ಚಕ್ರ ನೆಲ ಮುಟ್ಟಿ ಓಡಿದ ಮೇಲೆ ಮುಂದಿನ ಚಕ್ರ ಬದುವಿಗೆ ಸಿಕ್ಕಿ ಮುರಿಯಿತು. ಆಗ ಗಲ್ಲ ಬಡಿದದ್ದು.

ಆ ಸಂಜೆ ದೇವರ ಮುಂದೆ ಕೂತು ಅವನ ದಯೆಯನ್ನು ಒಂದೊಂದಾಗಿ ಎಣಿಸಿದೆ. ಪೈರು ಕೊಯ್ದಾಗಿತ್ತು. ನೆಲ ಒಣಗಿತ್ತು. ಹೊಲದಲ್ಲಿ ದನ ಇರಲಿಲ್ಲ. ಬೆಂಕಿ ಹತ್ತಲಿಲ್ಲ. ಎರಡೇ ಹೊಲಿಗೆ.

ನಾಲ್ಕು ತಿಂಗಳ ಮೇಲೆ ನವಿಮುಂಬಯಿಯ ನೆರೂಳಿನಿಂದ ಒಂದು ಸಂಬಂಧ ಬಂತು. ನಮ್ಮ ಊರ ಕಡೆಯವರೇ, ಒಳ್ಳೆಯ ಮನೆ, ಹುಡುಗನಿಗೆ ಆಫೀಸು ಕೆಲಸ. ಅಷ್ಟರಲ್ಲಿ ನಮ್ಮ ಭಜನೆಯ ಹೆಂಗಸರಲ್ಲಿ 'ವಿಮಾನ ಬೀಳಿಸಿದ ಹುಡುಗಿ' ಎಂಬ ಮಾತು ಓಡಾಡುತ್ತಿತ್ತು. ನನ್ನ ಕಿವಿಗೂ ಬಿದ್ದಿತ್ತು. ಬೀಳಿಸಿದ್ದಲ್ಲ, ಇಳಿಸಿದ್ದು ಎಂದು ಅಲ್ಲಿಯೇ ಹೇಳಬೇಕಿತ್ತು. ತಾಳ ಹಿಡಿದು ಸುಮ್ಮನೆ ಕೂತಿದ್ದೆ.

ಭಾನುವಾರ ಹುಡುಗ, ಅವನ ತಂದೆ ತಾಯಿ ಬಂದರು. ಮಗಳು ಒಳಗೆ ಚಹಾ ಸೋಸುತ್ತಿದ್ದಳು. ಹುಡುಗನ ತಾಯಿ ನಗುತ್ತಲೇ ಕೇಳಿದರು.

"ಹುಡುಗಿಯ ಗಲ್ಲದಲ್ಲಿ ಸಣ್ಣ ಕಲೆ ಉಂಟಲ್ಲ? ಯಾರೋ ಹೇಳಿದ್ರು, ವಿಮಾನ ಬೀಳಿಸಿದ್ದಂತೆ. ಹೌದಾ?"

"ಛೆ, ಇಲ್ಲಪ್ಪ," ಎಂದೆ. "ಓಡಿಸ್ತಾ ಇದ್ದದ್ದು ಅವಳಿಗೆ ಕಲಿಸುವ ಸರ್. ಇವಳು ಪಕ್ಕದಲ್ಲಿ ಸುಮ್ಮನೆ ಕೂತಿದ್ದದ್ದು. ದೇವರ ದಯೆ, ಸರ್ ಇದ್ರು."

ದೇವರ ಹೆಸರನ್ನೂ ಎಳೆದು ತಂದೆ. ಯೋಚಿಸಿ ಹೇಳಿದ ಸುಳ್ಳಲ್ಲ, ಸಲೀಸಾಗಿ ಬಂತು. ಸಲೀಸಾಗಿ ಬಂದದ್ದೇ ನನಗೆ ಇಂದಿಗೂ ನಾಚಿಕೆ.

ತಲೆ ಎತ್ತಿದರೆ ಮಗಳು ಟ್ರೇ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ. ಹುಡುಗ ಕುತೂಹಲದಿಂದ, "ಓ, ಸರ್ ಇಳಿಸಿದ್ದಾ? ನಾನು ನೀವೇ ಅಂದುಕೊಂಡಿದ್ದೆ," ಎಂದ. ಅವಳು ನನ್ನ ಮುಖ ನೋಡಿದಳು. ನಾನು ಖಾರದ ತಟ್ಟೆಯನ್ನು ಸ್ವಲ್ಪ ಆಚೆ ಸರಿಸಿದೆ.

"ಹೌದು," ಎಂದಳು. "ಅಮ್ಮ ಹೇಳಿದ ಹಾಗೇ."

"ಅಂದ್ರೆ ನೀನು ಕಿಟಕಿ ಸೀಟಿನ ಪೈಲಟ್ಟು," ಎಂದು ಹುಡುಗನ ತಂದೆ ತಮಾಷೆ ಮಾಡಿದರು. ಎಲ್ಲರೂ ನಕ್ಕರು. ಅವಳೂ ನಕ್ಕಳು.

ಅವರು ಹೋದ ಮೇಲೆ ಕಪ್ಪುಗಳನ್ನು ತೊಳೆದಿಟ್ಟು, ಕೈ ಒರೆಸಿಕೊಳ್ಳುತ್ತ ಹೇಳಿದಳು: "ನಿನಗೆ ಆ ಪುಟ ಗೊತ್ತಿಲ್ಲದಿದ್ರೆ ನನಗೆ ಇಷ್ಟು ಬೇಜಾರು ಆಗ್ತಿರಲಿಲ್ಲಮ್ಮ." ನನ್ನ ಗಂಡ, "ಮದುವೆ ಮಾತಲ್ಲಿ ಇಷ್ಟೆಲ್ಲ ನಡೀತದೆ, ಬಿಡು," ಎಂದರು. ಅವರಿಗೆ ಆ ಪುಟ ಗೊತ್ತಿರಲಿಲ್ಲ.

ಎರಡು ದಿನ ದೀಪ ಹಚ್ಚಿದರೂ ಎಂದಿನ ಹಾಗೆ ದೇವರ ದಯೆ ಎಣಿಸಲು ಕೂರಲಾಗಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಹುಡುಗನ ತಾಯಿಯ ಫೋನ್ ಬಂತು. ಹುಡುಗಿ ಎಲ್ಲರಿಗೂ ಒಪ್ಪಿಗೆಯಂತೆ.

"ಒಂದು ಮಾತು ಉಂಟು," ಎಂದೆ. "ಆ ದಿನ ವಿಮಾನದಲ್ಲಿ ಸರ್ ಇರಲಿಲ್ಲ. ಇವಳು ಒಬ್ಬಳೇ ಇದ್ದದ್ದು. ಇವಳೇ ಇಳಿಸಿದ್ದು. ನಾನು ಸುಳ್ಳು ಹೇಳಿದೆ."

ಅವರು ಮೆಲ್ಲನೆ ಕೇಳಿದರು: "ಹಾಗಾದ್ರೆ ನಿಮ್ಮ ಹುಡುಗಿಯೂ ನಮ್ಮೆದುರು ಸುಳ್ಳು ಹೇಳಿದ್ದಲ್ವಾ?"

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. "ಅವಳು ನನ್ನ ಮರ್ಯಾದೆ ಉಳಿಸಲಿಕ್ಕೆ ಹೇಳಿದ್ದು. ಸುಳ್ಳು ನನ್ನದು," ಎಂದೆ.

"ನಮಗೆ ಹೇಗೆ ಗೊತ್ತಾಗಬೇಕು ಹೇಳಿ," ಎಂದರು. ಕೋಪದಿಂದಲ್ಲ. ಆ ಸಂಬಂಧ ಅಲ್ಲಿಗೇ ನಿಂತಿತು. ಭಜನೆಯಲ್ಲಿ ಈಗ ಹೊಸ ಮಾತು ಸೇರಿಕೊಂಡಿತು: ಹುಡುಗಿ ಹೇಳುವುದೊಂದು, ಮಾಡುವುದೊಂದು. ಮೊದಲ ಹೆಸರನ್ನು ಊರವರು ಕೊಟ್ಟಿದ್ದರು. ಎರಡನೆಯದು ನನ್ನಿಂದ ಬಂದದ್ದು.

ಫೋನಿನ ವಿಷಯವನ್ನು ಅದು ಬಂದ ದಿನ ಸಂಜೆಯೇ ಮಗಳಿಗೆ ಹೇಳಿದ್ದೆ. ಶಾಲೆಗೆ ಹಿಂದಿರುಗಲು ಬಿಳಿ ಅಂಗಿಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಕಾಲರು ಮುಗಿಸಿ, ಅಂಗಿ ತಿರುಗಿಸಿ ಹೇಳಿದಳು:

"ಇನ್ನು ಯಾರು ಕೇಳಿದ್ರೂ 'ಅವಳನ್ನೇ ಕೇಳಿ' ಅನ್ನು. ನಾನು ಹೇಳ್ತೇನೆ."

"ಆಯ್ತು," ಎಂದೆ.

ತಪ್ಪಾಯಿತು ಎಂದು ಮಕ್ಕಳಿಗೆ ಬಾಯಿಬಿಟ್ಟು ಹೇಳುವ ರೂಢಿ ನಮ್ಮ ಮನೆಯಲ್ಲಿಲ್ಲ. ಹತ್ತಿರ ಹೋಗಿ ಅವಳ ತೋಳು ಹಿಡಿದುಕೊಂಡು ನಿಂತೆ.

"ಆಚೆ ನಿಲ್ಲಮ್ಮ," ಎಂದಳು. "ಇಸ್ತ್ರಿ ಬಿಸಿ ಉಂಟು."