ಮೂರನೇ ಮಹಡಿಯ ಸಪ್ಪಳಗಳು

ಕಾಕಾನ ಸೊಂಟದಲ್ಲಿ ಮುಷ್ಟಿಗಾತ್ರದ ಕೀಲಿಗೊಂಚಲು ತೂಗುತ್ತಿತ್ತು, ಆದರೆ ಅದು ಸದ್ದು ಮಾಡುತ್ತಿರಲಿಲ್ಲ. ಒಂದೊಂದು ಕೀಲಿಗೂ ಸೈಕಲ್ ಟ್ಯೂಬಿನ ತುಂಡು ಸುತ್ತಿ, ದಾರ ಬಿಗಿದು, ಅದನ್ನು ಮೂಕ ಮಾಡಿ ಇಟ್ಟಿದ್ದರು. ಯಾಕೆ ಎಂದು ಕೇಳಿದರೆ, “ನನ್ನ ಗದ್ದಲಾನ ನನಗ ಕೇಳಾಕತ್ತಿದ್ರ, ಬಿಲ್ಡಿಂಗ್ ಹೇಳೂದು ಯಾವಾಗ ಕೇಳ್ಲಿ?” ಎನ್ನುತ್ತಿದ್ದರು.

ಹೈದರಾಬಾದಿನ ಮಾದಾಪುರದ ಬಂಡೆಗಳ ನಡುವೆ ಗಾಜಿನ ಕಟ್ಟಡಗಳು ಒಂದೊಂದಾಗಿ ಏಳುತ್ತಿದ್ದ ಕಾಲ ಅದು. ನಮ್ಮ ಕಟ್ಟಡಕ್ಕೆ ಎಂಟು ಮಹಡಿ. ಬಾಡಿಗೆಗೆ ಹೋಗಿದ್ದು ಎರಡನೆಯದು ಮತ್ತು ಮೂರನೆಯದು ಮಾತ್ರ. ಅವರು ಅಲ್ಲಿಯ ಲಿಫ್ಟು, ಪಂಪು, ಜನರೇಟರ್ ನೋಡಿಕೊಳ್ಳುತ್ತಿದ್ದರು. ಸರ್ಕಾರಿ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿ ನಿವೃತ್ತರಾದ ಮೇಲೆ ಮನೆಯಲ್ಲಿ ಕೂರಲಾರದೆ ಇಲ್ಲಿ ಸೇರಿದ್ದರು. ಲಿಂಗಸುಗೂರು ಕಡೆಯವರು. ಎಲ್ಲರಿಗೂ ಅಂಕಲ್. ನಾನು ಮನೆಗೆ ಫೋನು ಮಾಡಿ ಕನ್ನಡದಲ್ಲಿ ಮಾತಾಡಿದ್ದನ್ನು ಅವರು ಕೇಳಿಸಿಕೊಂಡ ದಿನದಿಂದ ನನಗೊಬ್ಬಳಿಗೆ ಕಾಕಾ.

ಮೂರನೇ ಮಹಡಿಯ ನಮ್ಮ ಕಂಪ್ಯೂಟರ್ ಕಂಪನಿಯ ಗಿರಾಕಿಗಳೆಲ್ಲ ಹೊರದೇಶದವರು. ನಮ್ಮ ಹಬ್ಬಗಳು ಅವರಿಗೇನು ಗೊತ್ತು? ಹಾಗಾಗಿ ರಜೆಯ ದಿನವೂ ಒಬ್ಬರು ಬಂದು ಯಂತ್ರಗಳನ್ನು ನೋಡಿಕೊಂಡು ಕೂರಬೇಕಿತ್ತು. ಯಾರು ಹೊಸಬರೋ ಅವರ ಕೊರಳಿಗೆ. ಹೋಳಿಯ ದಿನ ಅದು ನನ್ನ ಕೊರಳಿಗೆ ಬಿತ್ತು. ಮಟಮಟ ಮಧ್ಯಾಹ್ನ. ಅರವತ್ತು ಖಾಲಿ ಕುರ್ಚಿ. ಕಾರ್ಡು ಉಜ್ಜಿದರಷ್ಟೇ ತೆರೆಯುವ ಗಾಜಿನ ಬಾಗಿಲು. ನನ್ನನ್ನು ಒಳಗಿಟ್ಟು ಯಾರೋ ಚಿಲಕ ಹಾಕಿಕೊಂಡು ಹೋದಂತೆ ಅನಿಸತೊಡಗಿತು. ಎಲ್ಲೋ ಲಟಕ್ ಎಂದಿತು. ಯಾರೋ ನಿಟ್ಟುಸಿರು ಬಿಟ್ಟರು. ತಲೆಯ ಮೇಲೆ, ಖಾಲಿ ಇರುವ ನಾಲ್ಕನೇ ಮಹಡಿಯಲ್ಲಿ, ಯಾರೋ ಕಾಲೆಳೆದುಕೊಂಡು ನಡೆದರು. ನಾನು ಚಪ್ಪಲಿಯನ್ನೂ ಹಾಕಿಕೊಳ್ಳದೆ ಮೆಟ್ಟಿಲು ಇಳಿದು ಓಡಿದೆ.

ಮರುದಿನ ಮ್ಯಾನೇಜರು ಕರೆದು, ಇನ್ನೊಮ್ಮೆ ಹೀಗಾದರೆ ಕೆಲಸ ಕಾಯಂ ಆಗುವ ಪತ್ರದ ಆಸೆ ಬಿಡಬಹುದು ಎಂದರು. ಆ ಪತ್ರ ಸಿಗದಿದ್ದರೆ ನನಗೆ ಧಾರವಾಡದ ಬಸ್ಸೇ ಗತಿ. ಅಪ್ಪನೊಡನೆ ಒಂದು ವರ್ಷ ಜಗಳವಾಡಿ ಹೈದರಾಬಾದಿಗೆ ಬಂದವಳು ನಾನು. ಸಪ್ಪಳಕ್ಕೆ ಹೆದರಿ ವಾಪಸು ಬಂದೆ ಎಂದು ಯಾವ ಮುಖ ಹೊತ್ತು ಹೇಳಲಿ?

ಕಾಕಾನ ಮುಂದೆ ಅತ್ತುಕೊಂಡೆ. ಅವರು ಸಮಾಧಾನ ಮಾಡಲಿಲ್ಲ, ದೆವ್ವ ಗಿವ್ವ ಏನೂ ಇಲ್ಲ ಎಂದು ಭಾಷಣ ಬಿಗಿಯಲೂ ಇಲ್ಲ. “ಬಾ ತಂಗಿ, ಒಂದೊಂದನ್ನ ತೋರಸ್ತೀನಿ” ಎಂದು ಆ ಭಾನುವಾರ ಇಡೀ ಕಟ್ಟಡ ಸುತ್ತಿಸಿದರು. ಬಿಸಿಲಿಗೆ ಹಿಗ್ಗುವ ಅಲ್ಯೂಮಿನಿಯಂ ಚೌಕಟ್ಟು ಬೆರಳ ನೆಟಿಗೆ ತೆಗೆದ ಹಾಗೆ ಲಟಕ್ಕೆನ್ನುತ್ತಿತ್ತು. ನಿಟ್ಟುಸಿರು ಎ.ಸಿ. ಕೊಳವೆಯದು. ನಾಲ್ಕನೇ ಮಹಡಿಯಲ್ಲಿ ಕಾಲೆಳೆಯುತ್ತಿದ್ದವರನ್ನು ನೋಡಿ ನನಗೆ ನಾಚಿಕೆಯಾಯಿತು: ನೆಲಕ್ಕೆ ಹೊದಿಸಿದ್ದ ಪ್ಲಾಸ್ಟಿಕ್ ಹಾಳೆ ಗಾಳಿಗೆ ಸರಿದಾಡುತ್ತಿತ್ತು.

“ಮಂದಿ ಇದ್ದಾಗೂ ಇವೆಲ್ಲಾ ಇರ್ತಾವ. ಗದ್ದಲದಾಗ ಮುಚ್ಚಿ ಹೋಗಿರ್ತಾವ ಅಷ್ಟ. ಒಬ್ಬಾಕಿನ ಕುಂತಾಗ ಕಿವಿಗೆ ಬ್ಯಾರೆ ಕೆಲಸ ಇರೂದಿಲ್ಲ ನೋಡು, ಸಣ್ಣದನ್ನೂ ಹುಡಿಕಿ ತರ್ತೈತಿ. ಯಾರದು ಅಂತ ತಿಳೀಲಿಲ್ಲ ಅಂದ್ರ ಮನಸ್ಸು ತಾನ ಒಂದು ಹೆಸರು ಇಡ್ತೈತಿ. ಅದಕ್ಕಿಂತ ಮೊದಲ ನಾವ ಇಡಬೇಕು.”

ಹೆಸರಿಟ್ಟೆವು. ಪೆನ್ಸಿಲಿನಲ್ಲಿ ಬರೆದು ಕಂಪ್ಯೂಟರಿನ ಪಕ್ಕ ಅಂಟಿಸಿದೆ. ಹತ್ತೊಂಬತ್ತು ಸಪ್ಪಳಗಳು, ಎದುರಿಗೆ ಅವುಗಳ ಒಡೆಯರು. ನನ್ನ ಬೆನ್ನಿನ ಗೋಡೆಯಿಂದ ಆಗಾಗ ಟಕ್ ಟಕ್ ಎನ್ನುತ್ತಿದ್ದದ್ದು ಪಂಪು ಓಡುವಾಗ ಮೇಲಿನ ಟ್ಯಾಂಕಿಗೆ ಏರುವ ನೀರಿನ ಪೈಪು. ಸಾಮಾನು ಸಾಗಿಸುವ ಲಿಫ್ಟು ಓಡಾಡುತ್ತಿದ್ದದ್ದೂ ಅದೇ ಗೋಡೆಯ ಆಚೆಗೆ. ಅದು ಮೇಲೇರುವಾಗ ಗರ್ರೆನ್ನುತ್ತಿತ್ತು. ಅದನ್ನೂ ಬರೆದುಕೊಂಡೆ.

ಮುಂದಿನ ರಜೆಗಳಲ್ಲಿ ನಾನು ರಾಣಿಯ ಹಾಗೆ ಕೂತೆ. ಏನೇ ಸದ್ದಾಗಲಿ, ಚೀಟಿಯ ಮೇಲೆ ಕಣ್ಣಾಡಿಸಿ ಕೆಲಸಕ್ಕೆ ತಿರುಗುವುದು. ಕಾಕಾ ನಾಲ್ಕು ಗಂಟೆಗೆ ಎರಡು ಚಹಾ ಹಿಡಿದು ಬಂದು, “ಏನಂತೈತಿ ಬಿಲ್ಡಿಂಗು?” ಎಂದು ಕೇಳುತ್ತಿದ್ದರು. “ಚಲೋ ಐತ್ರಿ ಕಾಕಾ, ಬರೇ ಗೊಣಗತೈತಿ” ಎಂದರೆ ಹಲ್ಲಿಲ್ಲದ ಕಡೆಯಿಂದ ನಗುತ್ತಿದ್ದರು.

ಮೇ ಒಂದರ ರಜೆ ಬಂತು. ಅಂದು ಅವರಿಗೂ ರಜೆ. ಆಯುಷ್ಯವೆಲ್ಲ ಕಾರ್ಖಾನೆಯಲ್ಲಿ ದುಡಿದವರಿಗೆ ಆ ದಿನ ಎಂದರೆ ಹಬ್ಬವಿದ್ದ ಹಾಗೆ. ಆದರೂ ನಾನೊಬ್ಬಳೇ ಇರುತ್ತೇನೆಂದು ಬಂದರು. ಮಧ್ಯಾಹ್ನ ಕರೆಂಟು ಹೋಯಿತು. ನಮ್ಮ ಮಹಡಿಗೆ ಜನರೇಟರ್ ತಾನಾಗಿ ಬಂತು, ಎ.ಸಿ. ಮಾತ್ರ ನಿಂತಿತು. ಸ್ವಲ್ಪ ಹೊತ್ತಿಗೆ ಬೆನ್ನಿನ ಗೋಡೆಯಿಂದ ಟಕ್ ಟಕ್ ಟಕ್. ಕುರ್ಚಿ ಉರುಳಿಸುವುದನ್ನು ನಿಲ್ಲಿಸಿ ಕಿವಿಗೊಟ್ಟೆ. ಚೀಟಿ ನೋಡಿದೆ: ನೀರಿನ ಪೈಪು. ಮತ್ತೆ ಟಕ್ ಟಕ್ ಟಕ್. ಪೈಪು. ಎರಡು ತಾಸು ಹೀಗೇ ನಡೆಯಿತು. ಹೆದರದೆ ಕೂತ ನನ್ನ ಬಗ್ಗೆ ನನಗೇ ಹೆಮ್ಮೆ. ಆಮೇಲೆ ಸದ್ದು ನಿಂತಿತು. ನಿಂತದ್ದು ಒಳ್ಳೆಯದೇ ಆಯಿತು ಅಂದುಕೊಂಡೆ.

ನಾಲ್ಕೂವರೆಯಾದರೂ ಕರೆಂಟೂ ಬರಲಿಲ್ಲ, ಚಹಾವೂ ಬರಲಿಲ್ಲ. ಕೆಳಗಿಳಿದು ಗೇಟಿನ ವಾಚ್‌ಮನ್ನನ್ನು ಕೇಳಿದೆ.

“ಅಂಕಲ್? ಊಪರಿಚ್ ಹೈ. ನೀಚೆ ಆಯೇಚ್ ನೈ” ಎಂದ. ಮೇಲೆ ಹೋದವರು ಇಳಿದೇ ಇಲ್ಲ.

ಆಗ ಹೊಳೆಯಿತು. ಕರೆಂಟಿಲ್ಲದಾಗ ಪಂಪು ಓಡುವುದಿಲ್ಲ, ನೀರು ಬಿಡುವವರು ಯಾರೂ ಇಲ್ಲ. ಪೈಪು ಬಡಿದುಕೊಳ್ಳಲು ಕಾರಣವೇ ಇರಲಿಲ್ಲ.

ಅದೇ ಗೋಡೆಯ ಆಚೆಗಿದ್ದ ಸಾಮಾನಿನ ಲಿಫ್ಟಿಗೆ ಜನರೇಟರ್ ಇರಲಿಲ್ಲ. ಅದರ ಗಂಟೆ ಕೆಟ್ಟಿದೆ ಎಂದು ಕಾಕಾ ಮಾಲೀಕರಿಗೆ ಎರಡು ಸಲ ಹೇಳಿದ್ದರು. ವಾಚ್‌ಮನ್ ಸಲಾಕೆ ಹಾಕಿ ಬಾಗಿಲು ಸರಿಸಿದಾಗ, ಮೂರನೇ ಮಹಡಿಗೆ ಮೊಳದಷ್ಟು ಮೇಲೆ ನಿಂತ ಪೆಟ್ಟಿಗೆಯೊಳಗೆ ಕಾಕಾ ಗೋಡೆಗೆ ಒರಗಿ ಕೂತಿದ್ದರು. ಅಂಗಿ ತೊಯ್ದು ತೊಪ್ಪೆ. ಕಣ್ಣು ತೆರೆದಿತ್ತು, ಮಾತು ಹೊರಡಲಿಲ್ಲ. ಸಕ್ಕರೆ ಕಾಯಿಲೆಯ ಮನುಷ್ಯ, ಬೆಳಗ್ಗೆ ಉಂಡದ್ದು ಅಷ್ಟೇ. ಆಸ್ಪತ್ರೆಯವರು ಇನ್ನೊಂದು ತಾಸು ತಡವಾಗಿದ್ದರೆ ಕಷ್ಟವಿತ್ತು ಎಂದರು.

ಅದೇ ವಾರ ನನ್ನ ಪತ್ರ ಬಂತು. ರಜೆಯ ದಿನವೂ ಜಾಗ ಬಿಟ್ಟು ಕದಲದೆ ಕೆಲಸ ಮಾಡಿದ್ದಕ್ಕೆ ಮ್ಯಾನೇಜರು ಹೊಗಳಿದರು.

ಕಾಕಾನ ಮನೆಗೆ ಹೋದೆ. ಹಾಸಿಗೆಯ ಮೇಲೆ ಎದ್ದು ಕೂತು ಮೊದಲು ಕೇಳಿದ್ದು, “ನೌಕರಿ ಪಕ್ಕಾ ಆತೇನು?”

“ಆತ್ರಿ” ಎಂದೆ. ನಂತರ ತಡೆಯಲಾಗಲಿಲ್ಲ. “ಕಾಕಾ, ನೀವು ಬಡಿಯೂದು ನನಗ ಕೇಳಿಸಿತ್ರಿ. ಪೈಪು ಅನ್ಕೊಂಡು ಕುಂತೆ.”

“ಗೊತ್ತೈತಿ.”

ನಾನು ಹಾಸಿಗೆಯ ಹತ್ತಿರ ಸರಿದು ಕೂತೆ.

“ಗ್ವಾಡಿ ಆ ಕಡೆ ನಿನ್ನ ಕುರ್ಚಿ ಗಾಲಿ ಕೇಳತಿತ್ತು. ನಾ ಬಡದಾಗೊಮ್ಮೆ ನಿಲ್ಲತಿತ್ತು. ಕೇಳಿತು, ಇನ್ನ ಏಳ್ತಾಳ ಅಂತಿದ್ದೆ. ಮತ್ತ ಉರಳತಿತ್ತು.” ನನ್ನ ತಲೆಯ ಮೇಲೆ ಕೈಯಿಟ್ಟರು. “ತಪ್ಪು ನಂದು ತಂಗಿ. ಅಂಜಬ್ಯಾಡ ಅಂತ ಕಲಿಸಿದೆ. ಎದ್ದು ನೋಡು ಅನ್ನೂದು ಬಿಟ್ಟೆ.”

ಅವರು ಮತ್ತೆ ಕೆಲಸಕ್ಕೆ ಬರಲಿಲ್ಲ. ಎರಡು ವರ್ಷದ ಮೇಲೆ ಊರಿನಲ್ಲಿ ತೀರಿಕೊಂಡ ಸುದ್ದಿ ಬಂತು. ಅಷ್ಟರಲ್ಲಿ ಹಲವು ಸಲ ಅವರ ಮನೆಗೆ ಹೋಗಿದ್ದೆ, ಚಹಾ ಕುಡಿದಿದ್ದೆ, ನಕ್ಕಿದ್ದೆ. ಆ ಕುರ್ಚಿ ಎಷ್ಟು ಸಲ ನಿಂತು ಎಷ್ಟು ಸಲ ಉರುಳಿತು ಎಂದು ಮಾತ್ರ ಕೇಳಲಿಲ್ಲ. ಅವರು ಕಲಿಸಿದ ಧೈರ್ಯ ಅದನ್ನು ಕೇಳುವಷ್ಟಕ್ಕೆ ಸಾಲಲಿಲ್ಲ.