ಮಾತು ನಿಲ್ಲಿಸಿದ ಡಬ್ಬಿ ಮತ್ತು ಮಹಡಿಮನೆಯ ನೀಲಾ

ಆ ಶನಿವಾರ ನಾನು ಮಾಡಿದ ಕೆಲಸಗಳು ಇವು. ಬೆಳಿಗ್ಗೆ ನಲ್ಲಿ ನೀರು ಬಂದಾಗ ಸಂಪ್ ತುಂಬಿಸಿದೆ. ದೋಸೆಗೆ ಅಕ್ಕಿ, ಉದ್ದು ನೆನೆಹಾಕಿದೆ. ನಮ್ಮ ಯಜಮಾನರ ಕಾರ್ಖಾನೆಯ ಯೂನಿಫಾರಂ ಒಗೆದು ತಾರಸಿಯ ಮೇಲೆ ಹರವಿದೆ. ಕರೆಂಟ್ ಬಿಲ್ ಕಟ್ಟಿ, ಬರುವಾಗ ದಂಟಿನ ಸೊಪ್ಪು ತಂದು ಬಿಡಿಸಿದೆ. ಊಟವಾದ ಮೇಲೆ ಮಹಡಿಮನೆಗೆ ಹೋಗಿ, ನನಗೆ ತಲೆಬುಡ ತಿಳಿಯದ ಇಂಗ್ಲಿಷ್ ಸಾಲುಗಳನ್ನು ಕಂಪ್ಯೂಟರಿನ ಪರದೆಯಿಂದ ದೀಪ ಹಚ್ಚುವ ಹೊತ್ತಿನವರೆಗೆ ಗಟ್ಟಿಯಾಗಿ ಓದಿದೆ.

ಓದಿದ್ದು ನೀಲಾ ಅವರಿಗೆ. ಹುಟ್ಟಿನಿಂದ ಕಣ್ಣು ಕಾಣದ ಹೆಣ್ಣುಮಗಳು. ಧಾರವಾಡದ ಕಡೆಯವರು, ಇಲ್ಲಿ ಒಂದು ಸರ್ಕಾರಿ ಕಚೇರಿಯಲ್ಲಿ ಟೆಲಿಫೋನ್ ಆಪರೇಟರ್. ಬಸವೇಶ್ವರನಗರದ ನಮ್ಮ ಮನೆಯ ಮಹಡಿಯಲ್ಲಿ ತಾಯಿಯ ಜೊತೆ ಬಾಡಿಗೆಗೆ ಇದ್ದರು. ತಾಯಿಯನ್ನು ಅವರು ಕರೆದಂತೆ ನಾವೂ ಅವ್ವ ಎಂದೇ ಕರೆಯುತ್ತಿದ್ದೆವು.

ಅವರು ಬಂದ ಹೊಸದರಲ್ಲಿ ಒಂದು ಸಂಜೆ ಹೆಪ್ಪಿಗೆ ಮಜ್ಜಿಗೆ ಕೊಡಲು ಹೋಗಿದ್ದೆ. ಕೋಣೆಯಲ್ಲಿ ದೀಪವಿಲ್ಲ. ಕಂಪ್ಯೂಟರಿನ ಪರದೆಯೂ ಕಪ್ಪು, ಅದರ ಮೇಲೆ ಕ್ರೋಶಾ ಹೆಣೆದ ಹೊದಿಕೆ. ಅದರ ಮುಂದೆ ನೀಲಾ ಬೆನ್ನು ನೆಟ್ಟಗೆ ಮಾಡಿ ಕೂತು ಎರಡೂ ಕೈಯಲ್ಲಿ ಟೈಪ್ ಮಾಡುತ್ತಿದ್ದಾರೆ. ಪಕ್ಕದ ಸ್ಪೀಕರಿನಿಂದ ಒಗ್ಗರಣೆಯಲ್ಲಿ ಸಾಸಿವೆ ಸಿಡಿದಂತೆ ಚಟಪಟ ಸದ್ದು. ಏನೋ ಕೆಟ್ಟಿದೆ ಅಂದುಕೊಂಡೆ. ಅದು ಇಂಗ್ಲಿಷ್ ಮಾತು, ಪರದೆಯ ಮೇಲಿರುವುದನ್ನು ಕಂಪ್ಯೂಟರ್ ಓದಿ ಹೇಳುತ್ತಿದೆ ಎಂದರು ನೀಲಾ. ನನಗಾಗಿ ವೇಗ ಇಳಿಸಿದಾಗ ಮಾತ್ರ ಅದು ಮಾತು ಎಂದು ಗೊತ್ತಾಯಿತು. ಮೂಗು ಕಟ್ಟಿದ ಗಂಡಸಿನ ಗೊಗ್ಗರು ದನಿ. ಇಂಥ ದನಿಯನ್ನು ದಿನವಿಡೀ ಹೇಗೆ ಸಹಿಸುತ್ತೀರಿ ಎಂದು ಕೇಳಿದೆ. "ಚಂದ ಮಾತಾಡೋದು ಬ್ಯಾಡ್ರಿ ಅಕ್ಕಾರ, ಲಗೂ ಮಾತಾಡೋದು ಬೇಕು" ಎಂದು ನಕ್ಕರು.

ನೀಲಾ ಅವರ ಕೆಲಸದ ಕಥೆ ಆ ದನಿಗೇ ಅಂಟಿಕೊಂಡಿತ್ತು. ಎಲ್ಲರ ಮೇಜಿಗೂ ನೇರ ಫೋನು, ಎಲ್ಲರ ಜೇಬಿಗೂ ಮೊಬೈಲು ಬಂದ ಮೇಲೆ ಆಪರೇಟರನ್ನು ಕೇಳುವವರೇ ಇರಲಿಲ್ಲ. ಕೆಲವು ವರ್ಷ ಬರೀ ಕುರ್ಚಿಯಲ್ಲಿ ಕೂತು ಸಂಬಳ ತಂದರು. ಆ ದಿನಗಳ ಬಗ್ಗೆ ಮಾತ್ರ ಅವರು ಕಹಿಯಾಗಿ ಮಾತಾಡುತ್ತಿದ್ದರು. ಮೇಲಿನವರ ಬೆನ್ನು ಹತ್ತಿ, ಜನರ ಅರ್ಜಿಗಳಿಗೆ ಉತ್ತರ ಟೈಪ್ ಮಾಡುವ ಕೆಲಸ ಗಿಟ್ಟಿಸಿಕೊಂಡಿದ್ದರು. ಈ ಗೊಗ್ಗರು ದನಿಯ ಪ್ರೋಗ್ರಾಮನ್ನು ಕಚೇರಿಯ ಕಂಪ್ಯೂಟರಿಗೆ ತಾವೇ ಹಾಕಿಕೊಂಡಿದ್ದರು.

ಹೀಗಿರುವಾಗ ಕಚೇರಿಗೆ ಹೊಸ ಕಂಪ್ಯೂಟರುಗಳು ಬಂದವು. ಮೊದಲಿನಂತೆ ಅವುಗಳಲ್ಲೂ ಕಂಪ್ಯೂಟರನ್ನು ನಡೆಸುವ ವ್ಯವಸ್ಥೆ ಲಿನಕ್ಸೇ ಆಗಿತ್ತು, ಆದರೆ ಬಹಳ ಹೊಸದು. ಹಳೆಯ ಪ್ರೋಗ್ರಾಂ ಅದರಲ್ಲಿ ಬಾಯಿ ಬಿಡಲಿಲ್ಲ. ಬರೆದ ಪುಣ್ಯಾತ್ಮ ಯಾವ ದೇಶದವನೋ, ಅದನ್ನು ಕೈಬಿಟ್ಟು ವರ್ಷಗಳಾಗಿದ್ದವು. ಕಚೇರಿಯ ಹುಡುಗರು ಬೇರೆ ಹೊಸ ದನಿ ಹಾಕಿಕೊಟ್ಟರು. ಇಂಪಾದ ಹೆಣ್ಣು ದನಿ. ವೇಗ ಏರಿಸಿದರೆ ಅದರ ಮಾತು ಒಂದಕ್ಕೊಂದು ಅಂಟಿಕೊಳ್ಳುತ್ತಿತ್ತು. ಒಂದು ಅರ್ಜಿ ಓದುವ ಹೊತ್ತಿಗೆ ಪಕ್ಕದವರು ನಾಲ್ಕಾರು ಮುಗಿಸಿರುತ್ತಿದ್ದರು. ಸಾಹೇಬರು ಕೆಟ್ಟವರೇನಲ್ಲ. ಸೋಮವಾರ ನಿಮ್ಮ ಹಳೇ ಪ್ರೋಗ್ರಾಮನ್ನೇ ಹೊಸ ಮಷಿನ್ನಿನಲ್ಲಿ ಮಾತಾಡಿಸಿ ತೋರಿಸಿ, ಆಗದಿದ್ದರೆ ಆ ಮಷಿನ್ನು ಬೇರೆಯವರಿಗೆ, ನೀವು ಮೊದಲಿನಂತೆ ಫೋನಿನ ಹತ್ತಿರ ಕೂತಿರಿ, ಸಂಬಳವೇನೂ ನಿಲ್ಲುವುದಿಲ್ಲ ಎಂದರಂತೆ.

"ಪಗಾರ ನಿಲ್ಲಂಗಿಲ್ಲ, ಖರೆ" ಎಂದರು ನೀಲಾ. "ನಾ ನಿಂತು ಹೋಗ್ತೀನಲ್ರಿ."

ಕಚೇರಿಯ ಹೊಸ ಲಿನಕ್ಸನ್ನು ಮನೆಯ ಕಂಪ್ಯೂಟರಿಗೂ ಹಾಕಿ, ಹಳೆಯ ಪ್ರೋಗ್ರಾಮನ್ನು ಅದರ ಮೂಲ ಬರಹದಿಂದ ಮತ್ತೆ ಕಂಪೈಲ್ ಮಾಡಬೇಕೆಂದು ಅವರು ಹೊರಟರು. ಹಾಗೆಂದರೇನು ಎಂದು ಕೇಳಿದ್ದಕ್ಕೆ ಅಳತೆ ಬ್ಲೌಸಿನ ಉದಾಹರಣೆ ಕೊಟ್ಟರು. ಪ್ರೋಗ್ರಾಮಿನ ಮೂಲ ಬರಹ ಅಳತೆ ಇದ್ದ ಹಾಗೆ. ಹೊಸ ಮೈಗೆ ಹೊಸದಾಗಿ ಕತ್ತರಿಸಿ ಹೊಲಿಯಬೇಕು. ಈಗಿನ ಟೈಲರಿಗೆ ಹಳೆಯ ಗುರುತುಗಳು ತಿಳಿಯುವುದಿಲ್ಲ, ತಿಳಿಯದ ಕಡೆಯಲ್ಲೆಲ್ಲ ತಕರಾರು ಬರೆದು ನಿಲ್ಲುತ್ತಾನೆ. ಆ ತಕರಾರನ್ನು ಓದಬೇಕಾದದ್ದು ಪರದೆಯ ಮೇಲೆ. ಓದಿ ಹೇಳುವ ದನಿಯೇ ಸತ್ತು ಬಿದ್ದಿದೆ, ಕಚೇರಿಯ ಹೆಣ್ಣು ದನಿ ಮನೆಯಲ್ಲಿಲ್ಲ. ಅವ್ವನಿಗೆ ಇಂಗ್ಲಿಷ್ ಬಾರದು. ನನಗೆ ಅಕ್ಷರಗಳಂತೂ ಬರುತ್ತಿದ್ದವು.

ಕ್ರೋಶಾ ಹೊದಿಕೆ ತೆಗೆದು ಪರದೆ ಹಚ್ಚಿದೆವು. ನೀಲಾ ನೆನಪಿನಿಂದಲೇ ಆಜ್ಞೆ ಟೈಪ್ ಮಾಡಿ ಎಂಟರ್ ಒತ್ತಿದರು. ಸಾಲುಗಳು ಮಳೆನೀರಿನಂತೆ ಸುರಿದು ನಿಂತವು. ಕೊನೆಯ ಸಾಲು ನೋಡಿ, ಏನೋ ಸಿಗ್ಲಿಲ್ಲ ಅಂತಿದೆ ಕಣ್ರೀ, ಅಂದೆ.

"ಏನೋ ಅಂದ್ರ ಯಾವುದ್ರಿ?"

"ಯಾವುದೋ ಗೊತ್ತಾಗ್ತಿಲ್ಲ, ತುಂಬಾ ತಪ್ಪಿದೆ ಅಂತ ಕಾಣುತ್ತೆ."

ನೀಲಾ ಕೀಲಿಮಣೆಯಿಂದ ಕೈ ತೆಗೆದು ನನ್ನ ಕಡೆ ತಿರುಗಿದರು. "ಅಕ್ಕಾರ, ನಿಮಗೇನ್ ಕಾಣತೈತಿ ಅದು ಬ್ಯಾಡ್ರಿ. ಅದು ಏನ್ ಬರದೈತಿ ಅಷ್ಟ ಓದ್ರಿ. ಕಡೀದಲ್ಲ, ಮೊದಲನೇದ್ದು. ಮೊದಲನೇ ತಪ್ಪು ತಾಯಿ, ಉಳಿದಾವೆಲ್ಲಾ ಅದರ ಮಕ್ಕಳು."

ಮೂಲೆಯಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದ ಅವ್ವ, "ಮನಿ ಮಾಲಕರಿಗೆ ಮಗ್ಗಿ ಒಪ್ಪಸಾಕ ಹಚ್ಚೀಯಲ್ಲ, ಬಾಡಿಗಿ ಏರಿಸ್ತಾರ ನೋಡು" ಎಂದರು.

ಮೇಲಕ್ಕೆ ಸರಿಸಿ ಸರಿಸಿ ಮೊದಲನೇ ತಪ್ಪಿಗೆ ಹೋಗಿ, ಚುಕ್ಕಿ, ಗೆರೆ, ಕಂಸ ಒಂದೂ ಬಿಡದೆ ಓದಿದೆ. ನೀಲಾ ಕತ್ತು ವಾಲಿಸಿ ಕೇಳಿ, ಮೊಣಕಾಲು ತಟ್ಟಿಕೊಂಡರು. ಪ್ರೋಗ್ರಾಂ ಯಾವುದೋ ಕಡತವನ್ನು ಅದರ ಹಳೆಯ ಹೆಸರಿನಿಂದ ಹುಡುಕುತ್ತಿತ್ತು, ಹೊಸ ಲಿನಕ್ಸಿನಲ್ಲಿ ಅದರ ಹೆಸರು ಬೇರೆ. ನಮ್ಮ ರಸ್ತೆಯಲ್ಲಿ ಹಳೇ ಡೋರ್ ನಂಬರ್ ಹಿಡಿದುಕೊಂಡು ಪೋಸ್ಟ್‌ಮ್ಯಾನ್ ಅಲೆಯುತ್ತಿದ್ದನಲ್ಲ, ಹಾಗೆ. ಅದೊಂದನ್ನು ತಿದ್ದಿದ್ದಕ್ಕೆ ಪುಟಗಟ್ಟಲೆ ತಪ್ಪುಗಳು ಮಾಯವಾದವು. ಆಮೇಲೆ ಇನ್ನೊಂದು ಮೊದಲನೇ ತಪ್ಪು, ಅದಾದ ಮೇಲೆ ಮತ್ತೊಂದು. ಎಷ್ಟು ಬಂದರೂ ಆ ಹೆಣ್ಣುಮಗಳು ಒಮ್ಮೆಯೂ ಬೇಸರದ ಉಸಿರು ಬಿಡಲಿಲ್ಲ. ಪ್ರತಿ ತಪ್ಪನ್ನೂ ಮನೆಗೆ ಬಂದ ಅತಿಥಿಯಂತೆ, ಹೇಳ್ರಿ, ಎಂದು ಬರಮಾಡಿಕೊಳ್ಳುತ್ತಿದ್ದರು. ದೀಪ ಹಚ್ಚುವ ಹೊತ್ತಿಗೆ ಮೂಗು ಕಟ್ಟಿದ ಗಂಡಸು ಒಮ್ಮೆಲೆ ಮಾತಾಡಿದ. ಅವ್ವ ಸೊಪ್ಪಿನ ಮೊರ ಕೆಳಗಿಟ್ಟು, "ಬಂದ ನೋಡ, ನಮ್ಮ ಮನಿ ಗಂಡಸು" ಎಂದರು. ನಾವೆಲ್ಲ ನಕ್ಕೆವು.

ಕೆಲಸ ಮುಗಿಯಿತೆಂದು ನಾನು ಎದ್ದೆ. ನೀಲಾ ಪಾಲಿಗೆ ಅರ್ಧ ಮಾತ್ರ ಮುಗಿದಿತ್ತು. ಕಚೇರಿಯಲ್ಲಿ ಪಕ್ಕ ಕೂತು ತಪ್ಪು ಓದಿ ಹೇಳುವವರಿಲ್ಲ. ಅಲ್ಲಿ ಸಿಡಿ ಹಾಕಿ, ಆಜ್ಞೆ ಕೊಟ್ಟರೆ ಪ್ರೋಗ್ರಾಂ ತಾನೇ ಕೂತುಕೊಂಡು ಮಾತಾಡಬೇಕು. ಬೇಕಾದ ಸಾಮಾನನ್ನೆಲ್ಲ ಜೋಡಿಸಿ, ಯಾವುದಾದ ಮೇಲೆ ಯಾವುದು ಎಂದು ಬರೆದು ಒಂದು ಪೊಟ್ಟಣ ಕಟ್ಟಬೇಕು. ಅದಕ್ಕೆ ಅವರು ಒಂದು ಉಪಾಯ ಸೇರಿಸಿದರು. ಕಂಪ್ಯೂಟರ್ ಆನ್ ಮಾಡಿದಾಗ ಡಬ್ಬಿಯ ಹೊಟ್ಟೆಯಿಂದ 'ಕುಂಯ್' ಎಂಬ ಸದ್ದು ಬರುತ್ತದಲ್ಲ, ಅದಕ್ಕೆ ಹೊರಗಿನ ಸ್ಪೀಕರ್ ಬೇಡ. ಒಂದೊಂದು ಹಂತ ದಾಟಿದಾಗ ಒಂದೊಂದು ಕುಂಯ್. ಎಲ್ಲಾದರೂ ಎಡವಿದರೆ ಉದ್ದನೆಯ ಕುಂಯ್. ಮಾತು ಬರುವ ತನಕ ಅದೇ ಅವರಿಗೆ ಕೈಹಿಡಿದು ನಡೆಸುವ ಕೋಲು.

ಭಾನುವಾರ ಮಧ್ಯಾಹ್ನ ಸಿಡಿ ಸಿದ್ಧವಾಯಿತು. ಆಗ ನೀಲಾ, ಈಗ ಮನೆಯ ಕಂಪ್ಯೂಟರನ್ನು ಪೂರ್ತಿ ಅಳಿಸಿ ಹೊಸದಾಗಿ ಲಿನಕ್ಸ್ ಹಾಕಿ, ಆಮೇಲೆ ಈ ಸಿಡಿ ಹಾಕಿ ನೋಡುತ್ತೇನೆ ಎಂದರು.

"ಅಷ್ಟು ಕಷ್ಟಪಟ್ಟು ಮಾತಾಡಿಸಿದ್ದನ್ನ ಅಳಿಸ್ತೀರಾ? ನಾಳೆ ಬೆಳಿಗ್ಗೆನೇ ಕೊಡ್ಬೇಕಲ್ರೀ."

"ಅದಕ್ಕ ಅಳಸ್ತೀನಿ. ಈ ಮಷಿನ್ನಿಗೆ ನಾ ಬ್ಯಾರೆ ಏನೇನು ಉಣಿಸೀನೋ ನನಗ ನೆನಪಿಲ್ಲ. ಇಲ್ಲಿ ನಡದದ್ದು ಅಲ್ಲಿ ನಡೀತೈತಂತ ಹೆಂಗ ನಂಬಲಿ?"

ಅಳಿಸಿದರು. ಹೊಸದಾಗಿ ಲಿನಕ್ಸ್ ಹಾಕುವಾಗ ಮಾತ್ರ ನನ್ನಿಂದ ಓದಿಸಿಕೊಂಡರು. ಅದು ಮುಗಿದೊಡನೆ ಪರದೆ ಆರಿಸಿ, ನಾನು ಹಿಂದಿನ ಕುರ್ಚಿಯಲ್ಲಿ ಬಾಯಿ ಮುಚ್ಚಿ ಕೂತಿರಬೇಕೆಂದು ಕಟ್ಟಪ್ಪಣೆ ಮಾಡಿದರು. ಸಿಡಿ ಗರಗರ ತಿರುಗಿತು. ಕುಂಯ್. ಸ್ವಲ್ಪ ಹೊತ್ತಿಗೆ ಮತ್ತೊಂದು ಕುಂಯ್. ಎಲ್ಲ ಹಂತವೂ ಸರಿಯಾಗಿ ದಾಟಿತು. ಆಮೇಲೆ ದನಿ ಬರಬೇಕು. ಬರಲಿಲ್ಲ.

ನನ್ನ ಕೈ ಪರದೆಯ ಸ್ವಿಚ್ಚಿನ ಕಡೆ ಹೋದದ್ದು ಅವರಿಗೆ ಬಳೆ ಸದ್ದಿನಿಂದಲೇ ಗೊತ್ತಾಯಿತು. "ಬ್ಯಾಡ್ರಿ. ಆಫೀಸ್ನ್ಯಾಗ ನೀವಿರಂಗಿಲ್ಲ" ಎಂದರು. ಅಷ್ಟು ದಿನದಲ್ಲಿ ಅವರು ಹೆದರಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಎರಡೂ ಅಂಗೈಯನ್ನು ಸ್ಪೀಕರುಗಳ ಮೇಲಿಟ್ಟು ಕೂತರು. ಹೊರಗೆ ಹುಡುಗರ ಕ್ರಿಕೆಟ್ ಗಲಾಟೆ. ಅವ್ವ ಬಾಗಿಲಿಗೆ ಬಂದು ನಿಂತರು. ಬಹಳ ಹೊತ್ತಾದ ಮೇಲೆ ನೀಲಾ ಕೀಲಿಮಣೆಗೆ ಕೈ ಹಾಕಿ, ಏನೂ ಕೇಳಿಸದ ಆ ಮೌನದೊಳಗೆ ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಿದರು. ಗೊಗ್ಗರು ದನಿ ಒಮ್ಮೆಲೆ ಸಾಲಿನ ನಡುವಿನಿಂದ ಹೊರಟಿತು. ಅಷ್ಟೂ ಹೊತ್ತು ಅದು ಮಾತಾಡುತ್ತಲೇ ಇತ್ತಂತೆ.

"ಈ ಹೊಸಾ ಸಿಸ್ಟಮ್ ಬಾಯಿಗೆ ಬಟ್ಟಿ ಕಟ್ಟಿಕೊಂಡ ಹುಟ್ಟತೈತ್ರಿ ಅಕ್ಕಾರ" ಎಂದರು. ಹೊಸದಾಗಿ ಹಾಕಿದಾಗ ಅದರ ಧ್ವನಿಯ ಪ್ರಮಾಣ ಸೊನ್ನೆಯಲ್ಲಿರುತ್ತದಂತೆ. ಮೊದಲ ಸಲ ತಾವೇ ಯಾವಾಗಲೋ ಅದನ್ನು ಏರಿಸಿ ಮರೆತಿದ್ದರು, ಪೊಟ್ಟಣದೊಳಗೆ ಆ ಹಂತವೇ ಇರಲಿಲ್ಲ. ಅಳಿಸದೆ ಹೋಗಿದ್ದರೆ ಸೋಮವಾರ ಸಾಹೇಬರ ಮುಂದೆ ಹೀಗೇ ಮೌನ. ಅದನ್ನು ಸೇರಿಸಿ ಇನ್ನೊಂದು ಸಿಡಿ ಮಾಡಿದರು. ಇನ್ನಾದರೂ ಮುಗಿಯಿತು ಅಂದುಕೊಂಡರೆ, ಎಲ್ಲವನ್ನೂ ಮತ್ತೆ ಅಳಿಸಿದರು. ಲಿನಕ್ಸ್ ಹಾಕುವಾಗ ನಾನು ಮತ್ತೆ ಓದಿದೆ. ಈ ಸಲ ಕೊನೆಯ ಕುಂಯ್ ಆದ ಕೂಡಲೇ ದನಿ ಬಂತು.

ಸೋಮವಾರ ಹುರುಳಿಕಾಯಿ ಸೋಸುತ್ತಾ ಫೋನಿನ ಹತ್ತಿರವೇ ಕೂತಿದ್ದೆ. ಮಧ್ಯಾಹ್ನ ಫೋನ್ ಬಂತು. ಹಲೋ ಅಂದೆ, ಆ ಕಡೆ ನೀಲಾ ಇಲ್ಲ. ಮೂಗು ಕಟ್ಟಿದ ಗಂಡಸು, ಕನ್ನಡವನ್ನು ಇಂಗ್ಲಿಷಿನವನಂತೆ ಮುರಿದು ಮುರಿದು, "ಅಕ್ಕಾರ, ಊಟಾ ಆತೇನ್ರಿ" ಎಂದು ಕೇಳಿದ. ಆಯ್ತಪ್ಪಾ, ಎಂದು ನಾನು ಅವನಿಗೇ ಉತ್ತರ ಕೊಟ್ಟೆ. ಹಿಂದಿನಿಂದ ನೀಲಾ ನಗುವುದು ಕೇಳಿಸಿತು.

ಅವರು ನಮ್ಮ ಮನೆ ಬಿಟ್ಟು ಹೋದದ್ದೂ ಆ ಸಿಡಿಯ ದೆಸೆಯಿಂದಲೇ. ಬೇರೆ ಊರಿನ ಕಚೇರಿಗಳಲ್ಲೂ ಅವರಂತೆ ಕುರ್ಚಿಯಲ್ಲಿ ಸುಮ್ಮನೆ ಕೂತ ಆಪರೇಟರುಗಳಿದ್ದರು. ಮೊದಲು ಅಂಚೆಯಲ್ಲಿ ಸಿಡಿ ಹೋಯಿತು, ಆಮೇಲೆ ಬಂದು ಕಲಿಸಿಕೊಡಿ ಎಂದು ಕರೆ ಬಂತು, ಕೊನೆಗೆ ಹುಬ್ಬಳ್ಳಿಗೆ ವರ್ಗವೇ ಆಯಿತು. ಅವ್ವನಿಗೆ ತಮ್ಮ ಕಡೆಗೆ ಹೋಗುವ ಸಂಭ್ರಮ.

ಹೊರಡುವ ಹಿಂದಿನ ಸಂಜೆ ಮಹಡಿಮನೆಯ ಖಾಲಿ ಹಜಾರದ ನೆಲದ ಮೇಲೆ ನಾವೆಲ್ಲ ಕೂತಿದ್ದೆವು. ಅಲ್ಲಿ ಮತ್ತೆ ಹೊಸದೇನಾದರೂ ಬಂದು ಈ ದನಿ ಮೂಕವಾದರೆ ಓದಿ ಹೇಳುವವರು ಯಾರು ಎಂದು ಕೇಳಿದೆ.

"ಓದಾವ್ರು ಬೇಕಾಗಬಾರದು ಅಂತ ಅಲ್ಲೇನ್ರಿ ಇಷ್ಟೆಲ್ಲಾ ಮಾಡಿದ್ದು?" ಎಂದರು ನೀಲಾ. ನೆಲ ತಡವಿ ನನ್ನ ಕೈ ಹಿಡಿದುಕೊಂಡರು. "ಆದ್ರ ನಿಮ್ಮಂಗ ಓದಾಕ ಯಾರಿಗೂ ಬರಂಗಿಲ್ಲ ಬಿಡ್ರಿ. ಒಂದಕ್ಷರ ತಿಳೀಲಿಲ್ಲ ನಿಮಗ, ಒಂದಕ್ಷರ ಬಿಡಲಿಲ್ಲ ನೀವು."

ಅವತ್ತು ತಿಂದದ್ದು ಅವ್ವ ಬಡಿದ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ನಮ್ಮ ಮನೆಯ ಮೊಸರನ್ನ. ಅವರ ಪಾತ್ರೆಗಳೆಲ್ಲ ಮೂಟೆ ಸೇರಿದ್ದರಿಂದ ತಟ್ಟೆಗಳು ನಮ್ಮವು. ಅವ್ವ ಗೋಡೆಗೊರಗಿ ಕೂತಲ್ಲೇ ಮೊದಲು ನಿದ್ದೆ ಹೋದರು, ಕೆಳಗೆ ಬಂದ ಮೇಲೆ ನಮ್ಮ ಯಜಮಾನರು. ಮಹಡಿಯಲ್ಲಿ ನೀಲಾ ಗೋಡೆಯಿಂದ ಗೋಡೆಗೆ ನಡೆದಾಡುವ ಸದ್ದು ನನಗೆ ಕಣ್ಣು ಹತ್ತುವ ತನಕವೂ ಕೇಳುತ್ತಿತ್ತು. ಅವರಿಗಿಂತ ಮೊದಲು ಮಲಗಿದವಳು ನಾನೇ.