ಸುಣ್ಣದ ಚುಕ್ಕೆ

ಗಿಟಾರ್ ಹೆಗಲಿಗೇರಿಸಿಕೊಂಡು ಮಾವ್ಖರಿನ ಇಳಿಜಾರು ಓಣಿ ಇಳಿಯುವವರು ಹೋಗುವುದು ಎರಡೇ ಕಡೆ. ಭಾನುವಾರವಾದರೆ ಚರ್ಚಿಗೆ, ಮಿಕ್ಕ ದಿನ ಕಿಟ್‌ಬೋಕ್‌ನ ಕೋಣೆಗೆ. ನಮ್ಮ ಶಿಲ್ಲಾಂಗಿನಲ್ಲಿ ಗಿಟಾರ್ ಇಲ್ಲದ ಮನೆಯನ್ನು ಹುಡುಕಬೇಕು. ಅದರ ಸದ್ದು ಸರಿಯಿಲ್ಲ ಎಂದು ಗೊಣಗದ ಮನುಷ್ಯನಂತೂ ಹುಡುಕಿದರೂ ಸಿಗುವುದಿಲ್ಲ. ಹಾಗೆ ಗೊಣಗುವವರೆಲ್ಲ ಕೊನೆಗೆ ಬಂದು ಬೀಳುತ್ತಿದ್ದದ್ದು ಇವನ ಬಾಗಿಲಿಗೆ. ಊರಿಗೆಲ್ಲ ಇವನು ಬಾಹ್ ಕಿಟ್, ಕಿಟ್ ಅಣ್ಣ.

ಹರೆಯದಲ್ಲಿ ಅವನೂ ಬೆನ್ನಿನವರೆಗೆ ಕೂದಲು ಬಿಟ್ಟು ಬ್ಯಾಂಡಿನಲ್ಲಿ ಬಾರಿಸಿದವನೇ. ಎದೆಯೆತ್ತರದ ಆಂಪ್ಲಿಫೈಯರುಗಳನ್ನು ಬೆನ್ನ ಹಿಂದೆ ನಿಲ್ಲಿಸಿಕೊಂಡು ಮೈದಾನ ನಡುಗಿಸಿದ್ದ. ಯಾರಾದರೂ ಕಿವಿಗೆ ಹತ್ತಿ ಇಟ್ಟುಕೊಂಡದ್ದು ಕಂಡರೆ, "ಮದುವೆ ಊಟಕ್ಕೂ ಮೂಗು ಮುಚ್ಕೊಂಡು ಕೂರ್ತೀಯೇನೋ?" ಎಂದು ಹಂಗಿಸುತ್ತಿದ್ದ. ಆಮೇಲೆ ಆ ದೊಡ್ಡ ಪೆಟ್ಟಿಗೆಗಳ ಕಾಲ ಮುಗಿದು ಪ್ರೊಸೆಸರುಗಳು ಬಂದವು. ಚಪ್ಪಲಿ ಡಬ್ಬದಷ್ಟು ದೊಡ್ಡದು, ಕಾಲ ಬುಡದಲ್ಲಿಟ್ಟುಕೊಂಡು ಪಾದದಿಂದ ಒತ್ತುವುದು. ಒಳಗೆ ನೂರು ಆಂಪ್ಲಿಫೈಯರುಗಳ ಸದ್ದಿನ ನಕಲು. ಕಿಟ್‌ಬೋಕ್ ಮೊದಲು ಅದಕ್ಕೆ ಥೂ ಎಂದು ಉಗಿದ. ಆಮೇಲೆ ಅವನೇ ಅದಕ್ಕೆ ವೈದ್ಯನಾದ. ನೂರು ಸದ್ದಿನ ಡಬ್ಬ ಕೊಂಡವನಿಗೆ ಒಂದು ಸದ್ದೂ ನೆಟ್ಟಗೆ ಬರುವುದಿಲ್ಲವಲ್ಲ, ಹಾಗಾಗಿ ಅವನ ಬಾಗಿಲು ಮುಚ್ಚಲೇ ಇಲ್ಲ.

ಅವನ ಪದ್ಧತಿ ಒಂದೇ. "ಒಂದನ್ನ ತೆಗಿ, ಕೇಳು. ಇನ್ನೊಂದನ್ನ ತೆಗಿ, ಕೇಳು. ಎಲ್ಲಾ ತೆಗೆದ ಮೇಲೂ ಯಾವುದು ಉಳಿಯುತ್ತೋ ಅದೇ ಕಳ್ಳ." ಮೊದಲು ಕೇಬಲ್ ಬದಲಿಸುತ್ತಿದ್ದ, ಆಮೇಲೆ ಅಡಾಪ್ಟರ್. ಆಮೇಲೆ ಡಬ್ಬದೊಳಗಿನ ಎಕೋ, ಗುಡುಗು, ಅಲೆ ಎಲ್ಲವನ್ನೂ ಆರಿಸಿ ಒಂದೊಂದಾಗಿ ಹಚ್ಚುತ್ತಿದ್ದ. ಅವಸರಪಟ್ಟು ಎರಡು ಕೆಲಸ ಒಟ್ಟಿಗೆ ಮಾಡಿದವನಿಗೆ ಅವನಿಂದ ಬೈಗುಳ ತಪ್ಪುತ್ತಿರಲಿಲ್ಲ.

ಸದ್ದು ಸರಿಯಾಯಿತು ಅನ್ನಿಸಿದ ಮೇಲೆ ಅವನದೊಂದು ಶಾಸ್ತ್ರವಿತ್ತು. ಬಾಯಲ್ಲಿ ಯಾವಾಗಲೂ ಕ್ವಾಯ್ ಜಗಿಯುತ್ತಿದ್ದವನು. ಅಡಿಕೆ, ಎಲೆ, ಸುಣ್ಣ ಇಲ್ಲದೆ ನಮ್ಮಲ್ಲಿ ಯಾರಿಗೆ ತಾನೇ ಕೈ ಓಡುತ್ತದೆ? ಸುಣ್ಣದ ಡಬ್ಬಿಗೆ ಬೆರಳದ್ದಿ, ಪ್ರೊಸೆಸರಿನ ಪ್ರತಿ ನಾಬಿನ ಮುಳ್ಳು ನಿಂತಲ್ಲಿ ಒಂದು ಬಿಳಿ ಚುಕ್ಕೆ ಇಡುತ್ತಿದ್ದ. ಕಾಲು ತಾಗಿ ನಾಬ್ ತಿರುಗಿದರೂ ಚುಕ್ಕೆಗೆ ತಂದು ನಿಲ್ಲಿಸಿದರಾಯಿತು. ವೇದಿಕೆ ಮೇಲೆ ಆ ಬಿಳಿ ಚುಕ್ಕೆ ಕಂಡರೆ ಬೇರೆ ಬ್ಯಾಂಡಿನವರೂ, "ಓ, ಬಾಹ್ ಕಿಟ್ ಮುಟ್ಟಿದ್ದಾರೆ" ಎನ್ನುತ್ತಿದ್ದರು. ಆ ಮಾತು ಕೇಳಿದ ದಿನ ಅವನು ಒಂದು ತಟ್ಟೆ ಜಾದೋ, ಅದೇ ನಮ್ಮ ಮಾಂಸದನ್ನ, ಹೆಚ್ಚಿಗೆ ಉಣ್ಣುತ್ತಿದ್ದ.

ನಮ್ಮಲ್ಲಿ ಮದುವೆಯಾದ ಗಂಡು ಹೆಂಡತಿಯ ಮನೆಗೆ ಹೋಗುವುದು; ಇವನು ಹೆಂಡತಿಯೊಂದಿಗೆ ಸರಿಹೋಗದೆ ಅವಳ ಮನೆಯಿಂದ ತಾಯಿಮನೆಗೆ ಮರಳಿದವನು. ತಾಯಿ ತೀರಿದ ಮೇಲೆ ಮನೆ, ರೂಢಿಯಂತೆ, ಕೊನೆಯ ಮಗಳಾದ ತಂಗಿ ಸಿಲ್ಡಾಳದಾಯಿತು. ಕೆಳಗಿನ ಕೋಣೆ ಅಣ್ಣನದು, ಮೇಲೆ ಸಿಲ್ಡಾ ಮತ್ತು ಅವಳ ಮಗಳು ಡೈಯಾಹುನ್. ಈ ಡೈಯಾಗೆ ಗಿಟಾರ್ ಹಿಡಿಸಿದವನು ಸೋದರಮಾವನೇ. ಈಗ ಅವಳು ಬನ್‌ಶಾನ್ ಎಂಬವನು ಕಟ್ಟಿದ ಬ್ಯಾಂಡಿನಲ್ಲಿ ಬಾರಿಸುತ್ತಿದ್ದಳು. ಶನಿವಾರ ಪೋಲೋ ಮೈದಾನದಲ್ಲಿ ಅವರ ಮೊದಲ ದೊಡ್ಡ ಕಾರ್ಯಕ್ರಮ. ಬ್ಯಾಂಡಿನ ಸದ್ದು ಕೂರಿಸುವ ಕೆಲಸ ಬಾಹ್ ಕಿಟ್‌ನದೇ ಎಂಬುದರಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ.

ಆ ವಾರ ಒಂದು ಬೆಳಿಗ್ಗೆ ಮೆಟ್ಟಿಲ ಮೇಲೆ ಕೂತು ಕೆಂಪು ಚಹಾ ಕುಡಿಯುತ್ತ ಅವನು ತಂಗಿಗೆ ಹೇಳಿದ, "ಈ ವರ್ಷ ಜೀರುಂಡೆನೇ ಕೂಗ್ಲಿಲ್ಲ ನೋಡು. ಪೈನ್ ಮರ ಎಲ್ಲಾ ಕಡಿದು ಹಾಕಿದ್ರೆ ಅವಾದ್ರೂ ಎಲ್ಲಿ ಇರ್ತವೆ?"

ಸಿಲ್ಡಾ ಅವನ ಮುಖವನ್ನೇ ಒಂದು ಗಳಿಗೆ ನೋಡಿದಳು. ಏನೋ ಹೇಳಲು ಬಾಯಿ ತೆರೆದವಳು, "ಚಹಾ ಆರುತ್ತೆ, ಕುಡಿ" ಎಂದು ಒಳಗೆ ಹೋದಳು.

ಅದೇ ಮಧ್ಯಾಹ್ನ ನಾಂಗ್‌ಥಿಮ್ಮೈಯಲ್ಲಿ ಬ್ಯಾಂಡಿನ ಅಭ್ಯಾಸ. ಡೈಯಾ ಹೊಸ ಪ್ರೊಸೆಸರ್ ಕೊಂಡಿದ್ದಳು. ಕಿಟ್‌ಬೋಕ್ ಅದರ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು ಒಂದೊಂದೇ ನಾಬ್ ತಿರುವಿದ. ಬಾಸ್ ಕೂತಿತು, ನಡುಸದ್ದು ಕೂತಿತು. ಕೊನೆಗೆ ಟ್ರೆಬಲ್, ಸದ್ದಿಗೆ ಚೂಪು ಕೊಡುವ ನಾಬ್. ಅದನ್ನು ಏರಿಸುತ್ತ ಹೋದ, ತಂತಿಯ ಹೊಳಪು ತನ್ನ ಕಿವಿಗೆ ಸಿಗುವ ತನಕ ಏರಿಸಿದ. ಆಹಾ, ಈಗ ಬಂತು ಅನ್ನಿಸಿತು. ಚುಕ್ಕೆ ಇಟ್ಟು, "ಬಾರಿಸೇ" ಎಂದ.

ಡೈಯಾ ಬಾರಿಸಿದಳು. ಡ್ರಮ್ಮಿನವನು ಹುಣಸೆಕಾಯಿ ಕಚ್ಚಿದವನಂತೆ ಮುಖ ಹಿಂಡಿದ. ಬಾಗಿಲಲ್ಲಿ ಮಲಗಿದ್ದ ನಾಯಿ ಎದ್ದು ಹೊರಟೇಹೋಯಿತು.

ಬನ್‌ಶಾನ್ ತಲೆ ಕೆರೆದುಕೊಂಡ. "ಬಾಹ್ ಕಿಟ್, ಒಂಚೂರು... ಚೂಪಾಯ್ತೇನೋ?"

"ಚೂಪಾ? ನಿನ್ನ ಗಂಟಲಿಗಿಂತಲೇನೋ?"

ಎಲ್ಲರೂ ನಕ್ಕರು, ಆದರೆ ನಗು ಬೇಗ ಸತ್ತಿತು. ಯಾರೂ ಅವನ ಕಣ್ಣಿಗೆ ಕಣ್ಣು ಕೊಡಲಿಲ್ಲ. ಕಿಟ್‌ಬೋಕ್‌ಗೆ ಸಿಟ್ಟು ನೆತ್ತಿಗೇರಿತು. "ಸದ್ದು ಕೆಟ್ಟಿದ್ರೆ ಡಬ್ಬ ಕೆಟ್ಟಿರ್ಬೇಕು. ನಾನಿದನ್ನ ಮನೆಗೆ ಒಯ್ತೀನಿ. ಶನಿವಾರದೊಳಗೆ ಕಳ್ಳನ್ನ ಹಿಡಿದು ಕೊಡದಿದ್ರೆ ಇನ್ಮೇಲೆ ಈ ಊರಲ್ಲಿ ಯಾರ ನಾಬಿಗೂ ಕೈ ಹಾಕಲ್ಲ, ತಿಳ್ಕೊಳ್ಳಿ" ಎಂದ. ಅಂಥ ಮಾತು ಆಡಬಾರದಿತ್ತು, ಆಡಿಬಿಟ್ಟ. ಹೊರಡುವಾಗ ತಿರುಗಿ ನೋಡಿದರೆ ಬನ್‌ಶಾನ್ ಮೂಲೆಯಲ್ಲಿ ಡೈಯಾಳಿಗೆ ಏನೋ ಪಿಸುಗುಡುತ್ತಿದ್ದ. ತುಟಿ ಆಡುವುದು ಕಂಡಿತೇ ಹೊರತು ಮಾತು ಕೇಳಲಿಲ್ಲ. ಡೈಯಾ ತಲೆ ತಗ್ಗಿಸಿ ನಿಂತಿದ್ದಳು.

ಮರುದಿನ ಊಟ ಮುಗಿಸಿ ಕೋಣೆಯಲ್ಲಿ ಕೆಲಸಕ್ಕೆ ಕೂತ. ಕೇಬಲ್ ಬದಲಿಸಿದ, ಬಾರಿಸಿದ. ಅವನಿಗೇನೋ ಸದ್ದು ಚೆನ್ನಾಗಿಯೇ ಇತ್ತು. ಆದರೂ ಪದ್ಧತಿ ಬಿಡುವ ಹಾಗಿಲ್ಲ. ಅಡಾಪ್ಟರ್ ಬದಲಿಸಿದ. ಗಿಟಾರನ್ನೇ ಬದಲಿಸಿದ. ಸ್ಪೀಕರ್ ಪೆಟ್ಟಿಗೆಯ ನಕಲು ಡಬ್ಬದೊಳಗೆ ಹತ್ತಿದೆಯೋ ಇಲ್ಲವೋ ನೋಡಿದ, ಅದು ಆರಿದ್ದರೆ ಸದ್ದು ಜೇನುನೊಣ ಮುತ್ತಿದ ಹಾಗೆ ಗುಂಯ್‌ಗುಡುತ್ತದೆ. ಅದೂ ಹತ್ತಿಯೇ ಇತ್ತು. ಎಲ್ಲವನ್ನೂ ಆರಿಸಿ ಬರೀ ತಂತಿಯ ಸದ್ದು ಹೊರಡಿಸಿದ.

ಮೇಲಿನಿಂದ ಧಬ್ ಧಬ್ ಎಂದು ಮರದ ನೆಲ ಅದುರಿತು. ಸಿಲ್ಡಾ ಕೋಲಿನಿಂದ ಕುಟ್ಟುತ್ತಿದ್ದಳು. "ಅಣ್ಣ! ಸಾಕು ಮಾಡೋ! ಕಿವಿಗೆ ಸೂಜಿ ಚುಚ್ಚಿದ ಹಾಗಾಗ್ತಿದೆ!"

"ನಿನಗೇನು ಗೊತ್ತು ಸಂಗೀತ! ನಿನ್ನ ಸಾರಿಗೆ ಉಪ್ಪು ಹಾಕೋದು ನೋಡ್ಕೋ ಹೋಗು!" ಎಂದು ಇವನೂ ಕೂಗಿದ.

ಕೂಗಿದನೇ ಹೊರತು ಅನುಮಾನ ಹೋಗಲಿಲ್ಲ. ಹೊಸ ಡಬ್ಬವೇ ಕೆಟ್ಟದ್ದಿರಬಹುದು, ಹಳೆಯದೊಂದರ ಜೊತೆ ಹೋಲಿಸಿ ನೋಡೋಣ ಎಂದು ಕಪಾಟಿಗೆ ಕೈ ಹಾಕಿದ. ರಿಪೇರಿಗೆ ಬಂದ ಡಬ್ಬಗಳು ಅಲ್ಲಿದ್ದವು. ಒಂದಕ್ಕೆ ಸ್ವಿಚ್ ಹೋಗಿತ್ತು, ಇನ್ನೊಂದಕ್ಕೆ ನೀರು ಬಿದ್ದಿತ್ತು. ಎಲ್ಲವೂ ಹಿಂದೆ ಅವನೇ ಸದ್ದು ಕೂರಿಸಿ ಚುಕ್ಕೆ ಇಟ್ಟು ಕಳಿಸಿದವು. ಮೊದಲನೆಯದನ್ನು ಬೆಳಕಿಗೆ ಹಿಡಿದ. ಟ್ರೆಬಲ್ ನಾಬಿನ ಮುಳ್ಳು ಚುಕ್ಕೆಯ ಮೇಲಿರಲಿಲ್ಲ, ಬಹಳ ಕೆಳಗಿತ್ತು.

"ಯಾವ ಕತ್ತೆ ತಿರುಗಿಸಿದ್ದು ಇದನ್ನ?" ಎಂದು ಗಟ್ಟಿಯಾಗಿ ಬೈದುಕೊಂಡ. ಎರಡನೆಯದನ್ನು ತೆಗೆದ. ಅದರಲ್ಲೂ ಮುಳ್ಳು ಕೆಳಗೆ. ಮೂರನೆಯದು ಚರ್ಚಿನ ಪಾದ್ರಿಯ ಮಗನದು, ಕಾಲು ತಾಗಿಸುವಂಥ ಪುಂಡನಲ್ಲ. ಅದರಲ್ಲೂ ಹಾಗೇ. ಬಾಸ್ ನಾಬ್ ಚುಕ್ಕೆಯ ಮೇಲೇ ಇತ್ತು, ನಡುಸದ್ದಿನದೂ ಚುಕ್ಕೆಯ ಮೇಲೇ ಇತ್ತು. ಟ್ರೆಬಲ್ ಒಂದೇ ಇಳಿದಿತ್ತು, ಎಲ್ಲದರಲ್ಲೂ ಹೆಚ್ಚುಕಮ್ಮಿ ಅಷ್ಟೇ ಇಳಿದಿತ್ತು.

ಎಲ್ಲವನ್ನೂ ಹಾಸಿಗೆಯ ಮೇಲೆ ಸಾಲಾಗಿ ಇಟ್ಟ. ಕಾಲು ತಾಗಿದ್ದರೆ ಒಂದು ಮೇಲೆ ಹೋಗಬೇಕಿತ್ತು, ಒಂದು ಕೆಳಗೆ ಹೋಗಬೇಕಿತ್ತು. ಒಬ್ಬರನ್ನೊಬ್ಬರು ಕಂಡರಾಗದ ಬ್ಯಾಂಡುಗಳ ಡಬ್ಬಗಳಿವು; ಮಾತಾಡಿಕೊಂಡು ಮಾಡಿರುವ ಹಾಗೂ ಇಲ್ಲ. ಕೇಬಲ್ ತೆಗೆದಾಯಿತು, ಅಡಾಪ್ಟರ್ ತೆಗೆದಾಯಿತು, ಗಿಟಾರ್ ತೆಗೆದಾಯಿತು. ಡಬ್ಬಗಳು ಬೇರೆ, ಮನೆಗಳು ಬೇರೆ, ಬೆರಳುಗಳು ಬೇರೆ. ಎಲ್ಲ ತೆಗೆದ ಮೇಲೂ ಉಳಿದದ್ದು ಅವನೊಬ್ಬನೇ.

ಮೆಟ್ಟಿಲು ಹತ್ತಿ ಮೇಲೆ ಹೋದ. ಸಿಲ್ಡಾ ಅಡುಗೆಮನೆ ಕಿಟಕಿಯ ಹತ್ತಿರ ಅಕ್ಕಿ ಆರಿಸುತ್ತಿದ್ದಳು.

"ಸಿಲ್ಡಾ, ನಿಜ ಹೇಳು. ಈಗ ಜೀರುಂಡೆ ಕೂಗ್ತಿದ್ಯಾ?"

ಅವಳು ಮೊರ ಕೆಳಗಿಟ್ಟಳು. "ಅಣ್ಣ..."

"ಕೂಗ್ತಿದ್ಯಾ ಇಲ್ವಾ?"

"ಬೆಳಗಿಂದ ಒಂದೇ ಸಮ ಕೂಗ್ತಿವೆ ಕಣೋ. ತಲೆ ಚಿಟ್ಟು ಹಿಡಿದುಹೋಗಿದೆ."

ಕಿಟಕಿಯಾಚೆ ಪೈನ್ ಮರಗಳು ಬಿಸಿಲಲ್ಲಿ ನಿಂತಿದ್ದವು. ಕಿಟ್‌ಬೋಕ್ ಉಸಿರು ಬಿಗಿಹಿಡಿದು ಕಿವಿಗೊಟ್ಟ. ಕೆಳಗೆ ರಸ್ತೆಯಲ್ಲಿ ಟ್ಯಾಕ್ಸಿಯ ಗುರ್ರ್ ಕೇಳಿತು. ಪಕ್ಕದ ಮನೆಯಲ್ಲಿ ಯಾರೋ ಕಟ್ಟಿಗೆ ಒಡೆಯುವುದು ಕೇಳಿತು. ದಪ್ಪ ಸದ್ದುಗಳೆಲ್ಲ ಬಂದವು; ಮರಗಳ ಕಡೆಯ ಚೂಪು ಸದ್ದೊಂದು ಮಾತ್ರ ಅವನ ಕಿವಿಗೆ ಬರಲಿಲ್ಲ. ಅವನು ಅಲ್ಲಿಂದ ಇಳಿದುಬಂದ. ಇಡೀ ಬದುಕಿನಲ್ಲಿ ಅವನಿಗೆ ಅಷ್ಟು ಭಯ ಯಾವತ್ತೂ ಆಗಿರಲಿಲ್ಲ.

ಸಂಜೆಗೆ ಮುಂಚೆ ಡೈಯಾ ಬಂದಳು. ಹಾಸಿಗೆಯ ಮೇಲಿನ ಸಾಲು ನೋಡಿ ಬಾಗಿಲಲ್ಲೇ ನಿಂತುಬಿಟ್ಟಳು.

"ನಿನ್ನ ಹಳೇ ಡಬ್ಬದ್ದೂ ಟ್ರೆಬಲ್ ಇಳಿಸ್ತಿದ್ಯೇನೇ?" ಎಂದು ಕೇಳಿದ. ದನಿಯಲ್ಲಿ ಸಿಟ್ಟಿರಲಿಲ್ಲ.

ಅವಳು ಹೌದೆಂದು ತಲೆ ಆಡಿಸಿದಳು.

"ಎಷ್ಟು ಕಾಲದಿಂದ?"

"ಹೋದ ವರ್ಷದಿಂದ ಮಾಮ. ನೀವು ಆ ಕಡೆ ಹೋದ ಮೇಲೆ ಇಳಿಸ್ತಿದ್ದೆ. ಎಲ್ಲರೂ ಇಳಿಸ್ತಾರೆ. ಚುಕ್ಕೆ ಮಾತ್ರ ಯಾರೂ ಅಳಿಸಲ್ಲ."

"ಊರಿಗೆಲ್ಲ ಗೊತ್ತು! ನನಗೊಬ್ಬನಿಗೆ ಬಿಟ್ಟು! ನನ್ನನ್ನ ಗೊಂಬೆ ಥರ ಕೂರಿಸಿ ಬಾಹ್ ಕಿಟ್, ಬಾಹ್ ಕಿಟ್ ಅಂತ ಆಟ ಆಡಿದ್ರೇನೇ?"

ಡೈಯಾಳ ಕಣ್ಣು ತುಂಬಿತು, ಆದರೆ ಅವಳೂ ಅದೇ ಮನೆಯ ಹೆಣ್ಣು. "ಹೇಳಿದ್ರೆ ಕೇಳ್ತಿದ್ರಾ ನೀವು? ಬನ್‌ಶಾನ್ ಒಂಚೂರು ಅಂದಿದ್ದಕ್ಕೇ ಅವನ ಗಂಟಲಿಗೆ ಹೋದ್ರಿ. ಅಮ್ಮ ಕುಟ್ಟಿದ್ರೆ ಸಾರಿನ ಉಪ್ಪಿಗೆ ಹೋಗ್ತೀರಿ. ಯಾರಿಗೆ ಬೇಕು ಮಾಮ, ನಿಮ್ಮನ್ನ ನೋಯಿಸೋ ಕೆಲಸ?" ಎಂದು ಮೂಗು ಒರೆಸಿಕೊಂಡಳು. "ಶನಿವಾರ ಸದ್ದು ಕೂರಿಸೋಕೆ ಬನ್‌ಶಾನ್ ಲೈಟುಮ್ಖ್ರಾದಿಂದ ಬೇರೆಯವರನ್ನ ಕರೆಸ್ತಿದ್ದಾನೆ. ನಿಮಗೆ ಹೇಳು ಅಂತ ನನ್ನ ತಲೆಗೆ ಕಟ್ಟಿದ. ನಿನ್ನೆ ಅದನ್ನೇ ಹೇಳ್ತಿದ್ದದ್ದು."

ಕಿಟ್‌ಬೋಕ್ ತನ್ನ ಅಂಗೈ ನೋಡಿಕೊಂಡ. ಬೆರಳ ತುದಿಯಲ್ಲಿ ನಿನ್ನೆಯ ಸುಣ್ಣ ಒಣಗಿ ಬಿರಿದಿತ್ತು. ನಾಚಿಕೆಯೋ ದುಃಖವೋ ಅವನಿಗೇ ತಿಳಿಯಲಿಲ್ಲ. ಎರಡೂ ಇದ್ದವು. ಮಾತು ಕೊಟ್ಟದ್ದೂ ನೆನಪಿತ್ತು: ಶನಿವಾರದೊಳಗೆ ಕಳ್ಳನನ್ನು ಹಿಡಿದು ಕೊಡುವುದು.

"ಗಿಟಾರ್ ತಗೋ" ಎಂದ.

"ಮಾಮ, ಬೇಡ, ಇವತ್ತು..."

"ತಗೋ ಅಂದೆ. ಟ್ರೆಬಲ್ ನೀನೇ ತಿರುಗಿಸು. ಸರಿ ಅನ್ನಿಸೋ ತನಕ ತಿರುಗಿಸು. ನನ್ನ ಮುಖ ನೋಡ್ಬೇಡ."

ಅವಳು ಒಂದು ಕೈಯಲ್ಲಿ ತಂತಿ ಮೀಟುತ್ತ ಇನ್ನೊಂದರಲ್ಲಿ ನಾಬ್ ಇಳಿಸುತ್ತ ಬಂದಳು. ಕಿಟ್‌ಬೋಕ್‌ಗೆ ಸದ್ದಿನ ಹೊಳಪು ಮಾಸಿತು, ಆಮೇಲೆ ಅಂಚು ಹೋಯಿತು, ಆಮೇಲೆ ಯಾರೋ ಸ್ಪೀಕರಿನ ಮೇಲೆ ಕಂಬಳಿ ಹೊದಿಸಿದ ಹಾಗಾಯಿತು. ಇನ್ನು ನಿಲ್ಲಿಸೇ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡ. ಅವಳು ಇನ್ನೂ ಸ್ವಲ್ಪ ಇಳಿಸಿ ಕೈ ತೆಗೆದಳು.

"ಇಲ್ಲೇನೇ?"

"ಇಲ್ಲೇ ಮಾಮ."

"ನನಗೆ ಗೋಡೆ ಆ ಕಡೆ ಬಾರಿಸಿದ ಹಾಗೆ ಕೇಳುತ್ತೆ."

"ಗೊತ್ತು ಮಾಮ."

"ಸರಿ. ಪೂರ್ತಿ ಹಾಡು ಬಾರಿಸು."

ಅವಳು ಬಾರಿಸಿದಳು. ಅವನು ಚಾವಣಿಯ ಕಡೆ ಮುಖ ಮಾಡಿ ತಂಗಿಯ ಕೋಲಿಗೆ ಕಾದ. ಆ ಧಬ್ ಧಬ್ ಅವನಿಗೆ ಚೆನ್ನಾಗಿ ಕೇಳುತ್ತಿತ್ತಲ್ಲ. ಹಾಡು ನಡುವಿಗೆ ಬಂತು, ಮುಗಿಯುತ್ತ ಬಂತು. ಕೋಲು ಬೀಳಲಿಲ್ಲ. ಬದಲಿಗೆ ಸಿಲ್ಡಾಳ ಹೆಜ್ಜೆ ಮೆಲ್ಲಗೆ ಮೆಟ್ಟಿಲ ತುದಿಯವರೆಗೆ ಬಂದು ನಿಂತಿತು.

ಕಿಟ್‌ಬೋಕ್ ಹೊಸ ಡಬ್ಬದ ಮೇಲಿದ್ದ ತನ್ನ ನಿನ್ನೆಯ ಚುಕ್ಕೆಯನ್ನು ಹೆಬ್ಬೆರಳಿನಿಂದ ಉಜ್ಜಿ ತೆಗೆದ. ಸುಣ್ಣದ ಡಬ್ಬಿಗೆ ಬೆರಳದ್ದಿದ. ತನ್ನ ಕಿವಿ ಅಲ್ಲ ಅಲ್ಲ ಎನ್ನುತ್ತಿದ್ದ ಜಾಗದಲ್ಲೇ, ಅವಳು ನಿಲ್ಲಿಸಿದ ಮುಳ್ಳಿನ ತುದಿಗೆ, ಬಿಳಿ ಚುಕ್ಕೆ ಇಟ್ಟ. ಆಮೇಲೆ ಹಾಸಿಗೆಯ ಮೇಲಿನ ಡಬ್ಬಗಳ ಕಡೆ ಕೈ ತೋರಿಸಿ, "ಇನ್ನೊಂದು ತಾರೇ" ಎಂದ.